ರೇಡಿಯೇಟರ್ ಬಿಸಿಯಾಗುವ ತನಕ

ನಮ್ಮ ಪಕ್ಕದ ಮನೆಯ ಆ ಹಿರಿಯ ಹೆಂಗಸು ಕುರ್ಚಿಯಲ್ಲಿ ಕೂತು ಊಟ ಮಾಡಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ತಟ್ಟೆಯನ್ನು ಅಡುಗೆಕಟ್ಟೆಯ ಮೇಲಿಟ್ಟು ಒಂದು ತುತ್ತು ತಿನ್ನುವರು, ಕಿಟಕಿಯ ತನಕ ಹೋಗಿ ಬೀದಿ ನೋಡುವರು, ಮರಳಿ ಬಂದು ಇನ್ನೊಂದು ತುತ್ತು. ಫೋನು ಬಂದರೆ ಅದರ ಉದ್ದನೆಯ ವೈರನ್ನು ಎಳೆದುಕೊಂಡು ಮನೆಯೆಲ್ಲ ತಿರುಗುವರು. ಕಸದ ಚೀಲ ಕೆಳಗಿಟ್ಟು ಬರಲು ಹೊರಟರೂ ತಲೆಗೆ ಟೋಪಿ, ಕೈಗೆ ಗ್ಲೌಸ್. ವಯಸ್ಸು ಎಪ್ಪತ್ತು ದಾಟಿತ್ತು. ಆದರೂ ಮೆಟ್ಟಿಲಿಳಿಯುವ ಸದ್ದಿನಲ್ಲಿ ತಾಳ ತಪ್ಪುತ್ತಿರಲಿಲ್ಲ. ಕೂತರೆ ತನಗೆ ವಯಸ್ಸಾಗುತ್ತದೆ ಎನ್ನುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ತಿಳಿಸಿದವಳು ರೋಸಾ. ಮ್ಯಾನ್‌ಹಟನ್ ಎದುರಿನ ನದಿ ದಂಡೆಯ ಹೋಬೋಕನ್‌ನ ಹಳೆಯ ಇಟ್ಟಿಗೆ ಕಟ್ಟಡದಲ್ಲಿ ನಾವು ಬಾಡಿಗೆಗಿದ್ದಾಗ ನಮ್ಮ ಮೇಲಿನ ಮನೆಯಲ್ಲಿದ್ದ ಪೋರ್ಟೊರಿಕೊ ಕಡೆಯ ಹೆಂಗಸು ಆಕೆ. ಅಷ್ಟು ಹೊತ್ತಿಗೆ ನಾವು ಆ ಊರು ಬಿಟ್ಟು ಬ್ರಿಡ್ಜ್‌ವಾಟರ್‌ಗೆ ಬಂದಾಗಿತ್ತು. ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸುತ್ತಿದ್ದೆ, ಫೋನು ಬಂತು. ಮಾತು ಮುಗಿಸಿ ಒಳಗೆ ಹೋಗಲೂ ಆಗದೆ, ಕಾರಿನಲ್ಲಿ ಕೂರಲೂ ಆಗದೆ, ಪಾರ್ಕಿಂಗ್ ಸುತ್ತ ಸುಮ್ಮನೆ ನಡೆದೆ. ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಗೊತ್ತುಗುರಿಯಿಲ್ಲದೆ ಸುತ್ತುವವಳನ್ನು ಕಂಡು ಒಬ್ಬ ಅಂಕಲ್, ಕಾರು ಎಲ್ಲಿ ನಿಲ್ಲಿಸಿದ್ದು ಮರೆತುಹೋಯಿತೇನಮ್ಮ ಎಂದು ಕೇಳಿದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿರಿಯರ ಹೆಸರು ಹಿಡಿಯಬಾರದೆಂದು ಕಲಿತು ಬೆಳೆದವಳು ನಾನು. ನಮ್ಮ ಪರಿಚಯ ಜಗಳದಿಂದ ಶುರುವಾದದ್ದು ಇದೇ ಕಾರಣಕ್ಕೆ.

ಅದು ವೈಟೂಕೆ ಗಡಿಬಿಡಿಯ ಕಾಲ, ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂದು ಹೆದರಿದ್ದ ಕಾಲ. ನನ್ನ ಗಂಡ ಪ್ರಸನ್ನ ಮ್ಯಾನ್‌ಹಟನ್‌ನ ಒಂದು ಬ್ಯಾಂಕಿನಲ್ಲಿ ಹಳೆಯ ಪ್ರೋಗ್ರಾಂಗಳನ್ನು ತಿದ್ದುವ ಕೆಲಸದಲ್ಲಿದ್ದ. ನನ್ನದು ಎಚ್-ಫೋರ್ ವೀಸಾ, ಅಂದರೆ ಗಂಡನ ಜೊತೆ ಇರಬಹುದು, ಕೆಲಸ ಮಾಡುವಂತಿಲ್ಲ. ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಎರಡು ಕೋಣೆಯ ಮನೆಯಲ್ಲಿ ಹಗಲೆಲ್ಲ ಅಡ್ಡಾಡುತ್ತಿದ್ದೆ. ಗೋಡೆಯಾಚೆ ಯಾರೋ ಹೆಂಗಸು ದಿನವೂ ಸ್ವರಸಾಧನೆ ಮಾಡುತ್ತಿದ್ದರು. ನನ್ನ ನಡಿಗೆಗೆ ಅದೇ ಹಿಮ್ಮೇಳ. ಒಂದು ದಿನ ಆ ಹೆಂಗಸು ಎರಡು ಕೈಯಲ್ಲೂ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಕಪ್ಪು ಮೈಬಣ್ಣದ, ನೆಟ್ಟಗೆ ನಿಲ್ಲುವ, ಗದ್ದ ಸ್ವಲ್ಪ ಮೇಲೆತ್ತಿದ ಎತ್ತರದ ಹೆಂಗಸು. ನಾನು ಓಡಿಹೋಗಿ, "ಕೊಡಿ ಆಂಟಿ, ನಾನು ತರ್ತೀನಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದೆ.

ಅವರು ಚೀಲ ಕೊಡಲಿಲ್ಲ. ಅಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ಇಂಗ್ಲಿಷ್ ಮಾತನ್ನು ನನಗೆ ನೆನಪಿರುವಂತೆ ಕನ್ನಡದಲ್ಲಿ ಹೇಳುತ್ತೇನೆ.

"ನನ್ನ ತಾಯಿ ಬಿಳಿಯರ ಮನೇಲಿ ಅಡುಗೆ ಮಾಡ್ತಿದ್ದಳು. ಆ ಮನೆಯ ಮೊಮ್ಮಕ್ಕಳೂ ಅವಳನ್ನ ಆಂಟಿ ಅಂತಿದ್ರು. ಗೌರವದಿಂದ ಮಿಸಸ್ ಅಂತ ಕರೆಯೋದು ತಪ್ಪಿಸಿಕೊಳ್ಳೋಕೆ. ಸಾಯೋವರೆಗೂ ಅವಳು ಯಾರಿಗೂ ಮಿಸಸ್ ಆಗಲಿಲ್ಲ. ನೀನು ನನ್ನನ್ನ ಹಾಗೆ ಕರೆಯಬೇಡ."

ನನಗೆ ಕಣ್ಣಲ್ಲಿ ನೀರು ಬಂತು. ನಮ್ಮಲ್ಲಿ ಅದು ಗೌರವ, ಹಿರಿಯರ ಹೆಸರು ಹಿಡಿಯುವುದೇ ಅಮರ್ಯಾದೆ ಎಂದು ತೊದಲಿದೆ. ಅವರು ಯೋಚಿಸಿದರು. "ನಿಮ್ಮಲ್ಲಿ ಹೆಸರು ಹಿಡಿದರೆ ಅಮರ್ಯಾದೆ, ನಮ್ಮಲ್ಲಿ ಹಿಡಿಯದಿದ್ದರೆ. ಈ ಮೆಟ್ಟಿಲ ಮೇಲೆ ನಾನು ದೊಡ್ಡವಳು, ನನ್ನ ಮಾತು ನಡೀಲಿ" ಎಂದು ಭಾರದ ಚೀಲವನ್ನು ನನ್ನ ಕೈಗೆ ಕೊಟ್ಟರು. ಅಂದಿನಿಂದ ಮಿಸ್ ಎಂದು ಸೇರಿಸಿ ಅವರ ಪೂರ್ತಿ ಹೆಸರು ಹೇಳಿಯೇ ಕರೆದೆ. ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ.

ಅವರ ಕಥೆಯನ್ನು ನಾನು ತುಂಡುತುಂಡಾಗಿ ಕೇಳಿದೆ, ಏಕೆಂದರೆ ಅವರು ಯಾವುದನ್ನೂ ಪೂರ್ತಿ ಹೇಳುತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಏನೋ ನೆನಪಾಗಿ ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಹದಿಹರೆಯದಲ್ಲಿ ಹಾರ್ಲೆಮ್‌ನ ಒಂದು ಕ್ಲಬ್ಬಿನಲ್ಲಿ ಸಾಲು ನರ್ತಕಿಯರ ಜೊತೆ ಕುಣಿದರಂತೆ. ಕುಣಿಯುವವರೆಲ್ಲ ಕರಿಯರು, ನೋಡುವವರೆಲ್ಲ ಬಿಳಿಯರು. ಇವರ ಅಪ್ಪ ರೈಲಿನಲ್ಲಿ ಸಾಮಾನು ಹೊರುತ್ತಿದ್ದವರು. ಮಗಳ ಕುಣಿತ ನೋಡಲು ಅವರನ್ನು ಒಳಗೆ ಬಿಡಲಿಲ್ಲ. ಹಿಂಬಾಗಿಲ ಹತ್ತಿರ ನಿಂತು ಸಂಗೀತವನ್ನಷ್ಟೇ ಕೇಳಿ ಮನೆಗೆ ಹೋದರಂತೆ. ಆಮೇಲೆ ಇವರು ಹಾಡುಗಾರ್ತಿಯಾದರು, ಯುರೋಪು ಸುತ್ತಿದರು. ವಾಪಸು ಬಂದಾಗ ಒಂದು ದೊಡ್ಡ ಹೋಟೆಲಿನ ಮುಖ್ಯ ಸಭಾಂಗಣದಲ್ಲಿ ಹಾಡಿದ ಮೊದಲ ಕರಿಯ ಹೆಂಗಸು ಇವರೇ. ಅಡುಗೆಮನೆಯ ಬಾಗಿಲಿಂದ ಬರಬೇಕೆಂದು ಹೇಳಿದ್ದರು. ಇವರು ವಾದ್ಯಗಳು ಶುರುವಾಗುವ ತನಕ ಬೀದಿಯಲ್ಲಿ ಕಾದು, ಮುಂಬಾಗಿಲಿಂದ ನಡೆದು ಒಳಗೆ ಹೋದರು. ಸಂಗೀತ ಶುರುವಾದ ಮೇಲೆ ತಡೆಯುವ ಧೈರ್ಯ ಮ್ಯಾನೇಜರಿಗೆ ಬರಲಿಲ್ಲ.

ಆ ಮೇಲೆ ಅವರ ಪ್ರತಿ ಕರಾರಿಗೂ ಒಂದು ಹಾಳೆ ಹೆಚ್ಚಿಗೆ ಇರುತ್ತಿತ್ತಂತೆ. ಎಲ್ಲರಿಗೂ ಒಂದೇ ಬಾಗಿಲು, ಎಲ್ಲರಿಗೂ ಎಲ್ಲ ಕುರ್ಚಿ. ಅದಕ್ಕೆ ಒಪ್ಪಿದರೆ ಮಾತ್ರ ಹಾಡು. ದಕ್ಷಿಣದ ಒಂದು ಊರಿನವರು ರುಜು ಹಾಕಿಯೂ ಸಭಾಂಗಣದ ನಡುವೆ ಹಗ್ಗ ಕಟ್ಟಿದ್ದರು, ಈ ಕಡೆ ಬಿಳಿಯರು, ಆ ಕಡೆ ಕರಿಯರು. ಇವರು ಹಾಡುತ್ತಲೇ ಕೆಳಗಿಳಿದು ಹಗ್ಗ ಬಿಚ್ಚಿದರು, ಬಟ್ಟೆ ಒಣಹಾಕುವ ದಾರವನ್ನು ಸುತ್ತಿಡುವ ಹಾಗೆ ಮೊಣಕೈಗೆ ಸುತ್ತಿಕೊಂಡರು, ಹಾಡುತ್ತಲೇ ಮೇಲೆ ಹೋದರು. ಮರುದಿನದ ಕಛೇರಿ ರದ್ದಾಯಿತು, ಆಮೇಲಿನವೂ ಒಂದೊಂದಾಗಿ ಹೋದವು. ರೇಡಿಯೊದವರು ಕರೆಯುವುದು ಬಿಟ್ಟರು. ಬಹಳ ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸಿದರು. ಭಾನುವಾರ ಚರ್ಚಿನ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದರು, ಮೆರವಣಿಗೆಗಳಲ್ಲಿ ಮುಂದೆ ನಡೆಯುತ್ತಿದ್ದರು, ಜೈಲಿಗೂ ಹೋಗಿ ಬಂದರು.

"ಚಪ್ಪಾಳೆ ಹೊಡೆಯೋ ಕೈಯೆಲ್ಲ ಊಟಕ್ಕೆ ಕರೆಯೋ ಕೈ ಅಲ್ಲ" ಎಂದು ಒಮ್ಮೆ ಹೇಳಿದರು. ನನಗೆ ನಮ್ಮ ಕಡೆಯ ಮದುವೆಗಳು ನೆನಪಾದವು. ಮುಹೂರ್ತದ ಹೊತ್ತಿಗೆ ಓಲಗದವರಿಲ್ಲದೆ ತಾಳಿ ಕಟ್ಟುವಂತಿಲ್ಲ. ಊಟಕ್ಕೆ ಮಾತ್ರ ಅವರಿಗೆ ಬೇರೆ ಎಲೆ, ಛತ್ರದ ಹಿಂದೆ, ಎಲ್ಲರದೂ ಆದ ಮೇಲೆ. ಇದನ್ನು ಹೇಳಿದೆ. ನೀನೇನು ಮಾಡಿದೆ ಎಂದು ಕೇಳಿದರು. ಚಿಕ್ಕ ಹುಡುಗಿ, ಏನು ಮಾಡಲಿ ಎಂದೆ. ಈಗ ಚಿಕ್ಕವಳಲ್ಲವಲ್ಲ ಎಂದು ಕಿಟಕಿಯ ಕಡೆ ಹೋದರು. ಆ ಮಾತು ಬಹಳ ದಿನ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚುತ್ತಿತ್ತು.

ಹೋಬೋಕನ್ ಆಗ ಬದಲಾಗುತ್ತಿತ್ತು. ನಮ್ಮಂಥ ಕಂಪ್ಯೂಟರಿನವರು, ನದಿಯಾಚೆಯ ಬ್ಯಾಂಕುಗಳ ಹುಡುಗರು ಬಂದು ತುಂಬುತ್ತಿದ್ದರು, ಬಾಡಿಗೆ ಏರುತ್ತಿತ್ತು. ನಮ್ಮ ಕಟ್ಟಡದ ಹಳಬರಿಗೆ ಮಾತ್ರ ಕಾನೂನಿನ ಆಸರೆಯಿಂದ ಹಳೆಯ ಬಾಡಿಗೆಯೇ ನಡೆದಿತ್ತು. ಅಷ್ಟರಲ್ಲಿ ಕಟ್ಟಡವನ್ನು ಒಂದು ಕಂಪನಿ ಕೊಂಡಿತು. ಹಳಬರು ಹೋದರೆ ಮನೆಗಳನ್ನು ಒಡೆದು ಹೊಸದಾಗಿ ಕಟ್ಟಿ ಮಾರಬಹುದು. ಹೋಗಿ ಎಂದು ಯಾರೂ ಹೇಳಲಿಲ್ಲ. ಹೀಟ್ ನಿಂತಿತು, ಅಷ್ಟೆ. ಬೇಸ್‌ಮೆಂಟಿನ ಬಾಯ್ಲರಿಗೆ ಯಾವುದೋ ಭಾಗ ಬರಬೇಕು ಎಂದರು. ನಗರಸಭೆಯ ಇನ್‌ಸ್ಪೆಕ್ಟರ್ ಬರುವ ದಿನ, ಬಾಯ್ಲರಿನ ಹಬೆಯಿಂದ ಮನೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರುಗಳು ಬಿಸಿ, ಮರುದಿನ ಹೆಣದ ಹಾಗೆ ತಣ್ಣಗೆ. ನಮ್ಮ ಮಗಳಿಗಿನ್ನೂ ವರ್ಷ ತುಂಬಿರಲಿಲ್ಲ. ಅವಳನ್ನು ಮನೆಯೊಳಗೇ ಟೋಪಿ, ಕೋಟು ಹಾಕಿ ಮಲಗಿಸುತ್ತಿದ್ದೆವು. ಕೆಮ್ಮು ಎದೆಗಿಳಿದು ಬಿಡಲಿಲ್ಲ.

ಅವರು ಕಟ್ಟಡದ ಎಲ್ಲರನ್ನೂ ಕರೆದು ತಮ್ಮ ಮನೆಯಲ್ಲಿ ಸಭೆ ಸೇರಿಸಿದರು. ನಾವೆಲ್ಲ ಕೂತೆವು, ಅವರೊಬ್ಬರೇ ನಮ್ಮ ನಡುವೆ ಓಡಾಡುತ್ತ ಮಾತಾಡಿದರು. ಪ್ರಸನ್ನ ಬರಲಿಲ್ಲ. "ನಾವು ವೀಸಾ ಮೇಲೆ ಇರೋರು ಕಣೆ. ಇದೆಲ್ಲ ನಮಗ್ಯಾಕೆ? ಲೀಸ್ ಮುಗಿದ ಮೇಲೆ ಬೇರೆ ಕಡೆ ಹೋಗೋಣ" ಎಂದಿದ್ದ. ಇದನ್ನು ನಾನು ಅಳುಕುತ್ತಲೇ ಅವರಿಗೆ ಹೇಳಿದೆ. ಅವರು ನಗಲಿಲ್ಲ. ಅವನ ಭಯ ನಿಜವಾದದ್ದು, ಭಯವೇ ಇಲ್ಲದವರನ್ನು ಕಟ್ಟಿಕೊಂಡು ತನಗೇನೂ ಆಗಬೇಕಿಲ್ಲ ಎಂದರು.

ಅದೇ ಚಳಿಗಾಲದಲ್ಲಿ ಮ್ಯಾನ್‌ಹಟನ್‌ನ ಒಂದು ಕಲಾ ಸಂಸ್ಥೆಯ ತರುಣನೊಬ್ಬ ಅವರನ್ನು ಹುಡುಕಿಕೊಂಡು ಬಂದ. ಎಲ್ಲೋ ಹಳೆಯ ರೆಕಾರ್ಡೊಂದನ್ನು ಕೇಳಿದ್ದನಂತೆ. ಇವರು ಬದುಕಿದ್ದಾರೆಂದು ತಿಳಿದದ್ದೇ ತಡ, ಒಂದು ಪ್ರಸ್ತಾಪ ಮುಂದಿಟ್ಟ. ಇವರ ಗೌರವಕ್ಕೆ ಒಂದು ಸಂಜೆ, ದೊಡ್ಡ ಸಭಾಂಗಣ, ಇವರದೇ ಹಾಡು. ಎಷ್ಟೋ ವರ್ಷಗಳ ಮೇಲೆ ವೇದಿಕೆ. ಆ ವಾರಗಳಲ್ಲಿ ಅವರು ಹಾಡಿದ ಹಾಗೆ ನಾನು ಯಾರೂ ಹಾಡಿದ್ದು ಕೇಳಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಬಾಯಿಂದ ಹೊಗೆಯಂತೆ ಉಸಿರು ಬರುವ ಆ ಚಳಿಯಲ್ಲಿ, ಮಫ್ಲರ್ ಸುತ್ತಿಕೊಂಡು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಹಾಡುತ್ತಿದ್ದರು. ಮಗಳು ಕೆಮ್ಮು ಮರೆತು ಕೇಳುತ್ತಿದ್ದಳು.

ಅಚ್ಚಾದ ಆಹ್ವಾನ ಬಂದಾಗ ಕೆಳಗೆ ಪ್ರಾಯೋಜಕರ ಹೆಸರುಗಳಿದ್ದವು. ಅದರಲ್ಲೊಂದು ನಮ್ಮ ಕಟ್ಟಡ ಕೊಂಡ ಕಂಪನಿಯದು. ಅವರು ಅದನ್ನು ಓದಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡು ಒಂದು ಸುತ್ತು ನಡೆದು ಬಂದರು. ಬಂದವರೇ ಆ ತರುಣನಿಗೆ ಫೋನು ಮಾಡಿ, ತಮ್ಮ ಕರಾರಿಗೆ ಒಂದು ಹಾಳೆ ಸೇರಬೇಕು ಎಂದರು. ಕಾರ್ಯಕ್ರಮದ ಹೊತ್ತಿಗೆ ಈ ಕಟ್ಟಡದ ರೇಡಿಯೇಟರುಗಳು ಬಿಸಿಯಾಗಿರಬೇಕು. ಇಲ್ಲದಿದ್ದರೆ ಹಾಡುವುದಿಲ್ಲ. ಕಂಪನಿಯವರು ತಕ್ಷಣ ಒಪ್ಪಿದರು. ಸಭೆ ತುಂಬಿದ ಮೇಲೆ ಮುದುಕಿ ಹಾಡದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡಿರಬೇಕು.

ಆ ದಿನ ಕಟ್ಟಡದ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಮ್ಯಾನ್‌ಹಟನ್‌ಗೆ ಹೊರಟರು. ಮಗಳ ಕೆಮ್ಮಿನಿಂದ ನಾನು ಮನೆಯಲ್ಲೇ ಉಳಿದೆ. ಹೊರಡುವ ಮೊದಲು ಅವರು ನಮ್ಮ ಮನೆಗೆ ಬಂದು ವೇದಿಕೆಯ ಹಿಂದಿನ ಗ್ರೀನ್ ರೂಮಿನ ಫೋನ್ ನಂಬರು ಕೊಟ್ಟರು. "ಬಿಸಿಯಾದ ತಕ್ಷಣ ಫೋನ್ ಮಾಡು. ನಿನ್ನ ಮಾತು ಕೇಳಿಯೇ ನಾನು ವೇದಿಕೆ ಹತ್ತೋದು" ಎಂದು ಗ್ಲೌಸಿನ ಒಂದೊಂದೇ ಬೆರಳು ಎಳೆದು ಸರಿಮಾಡಿಕೊಂಡು ನದಿ ದಾಟುವ ಫೆರಿಗೆ ಹೊರಟರು.

ಮಧ್ಯಾಹ್ನ ಒಬ್ಬ ಮನುಷ್ಯ ಉಪಕರಣದ ಪೆಟ್ಟಿಗೆ ಹಿಡಿದು ಬೇಸ್‌ಮೆಂಟಿಗೆ ಇಳಿದ. ಪೈಪುಗಳು ಸ್ವಲ್ಪ ಹೊತ್ತು ಟಣಟಣ ಎಂದವು, ರೇಡಿಯೇಟರ್ ಒಮ್ಮೆ ಬುಸುಗುಟ್ಟಿ ಸುಮ್ಮನಾಯಿತು. ಆ ಮನುಷ್ಯ ಹೊರಟುಹೋದ. ಸಂಜೆಯಾಯಿತು. ಮಗಳನ್ನು ಒಂದು ತೋಳಲ್ಲಿ ಎತ್ತಿಕೊಂಡು ಇನ್ನೊಂದು ಕೈಯನ್ನು ಆ ಕಬ್ಬಿಣದ ಮೇಲಿಟ್ಟು ಕಾದೆ. ಪ್ರಸನ್ನ ಆಫೀಸಿನಿಂದ ಬಂದ. ಶೂ ಬಿಚ್ಚುವ ಮೊದಲೇ ಫೋನು ಬಂತು, ಆ ತರುಣನದು. ಹಾಲ್ ತುಂಬಿದೆ, ವಾದ್ಯದವರು ಕೂತಿದ್ದಾರೆ, ಅವರು ಗ್ರೀನ್ ರೂಮಿನಲ್ಲಿ ಅಡ್ಡಾಡುತ್ತಿದ್ದಾರೆ, ದಯವಿಟ್ಟು ಬಿಸಿಯಾಗಿದೆ ಎಂದು ಒಂದು ಮಾತು ಹೇಳಿ ಎಂದು ಬೇಡಿಕೊಂಡ. ನಾಳೆ ಖಂಡಿತ ಸರಿಮಾಡುತ್ತಾರಂತೆ, ಅವರ ವಯಸ್ಸಿಗೆ ಇಂಥ ಸಂಜೆ ಇನ್ನೊಂದು ಬರುವುದಿಲ್ಲ ಎಂದ.

ಫೋನಿಟ್ಟ ಮೇಲೆ ಪ್ರಸನ್ನ ಮೆಲ್ಲಗೆ, "ಹೇಳ್ಬಿಡು. ಹೆಂಗಿದ್ರೂ ನಾಳೆ ಬಿಸಿ ಆಗತ್ತೆ. ಪಾಪ, ಆಕೆ ಹಾಡ್ಲಿ" ಎಂದ. ಅವನು ಭಯದಿಂದ ಹೇಳಿದ ಮಾತಲ್ಲ ಅದು. ಅವನೂ ಗೋಡೆಯಾಚೆಯ ಹಾಡು ಕೇಳಿದ್ದವನೇ. ನನಗೂ ಅದೇ ಆಸೆ. ಒಂದೇ ಒಂದು ಸುಳ್ಳು, ಅವರಿಗೆ ಅವರ ವೇದಿಕೆ ಸಿಗುತ್ತದೆ. ಕೈ ರೇಡಿಯೇಟರಿನ ಮೇಲೇ ಇತ್ತು. ಅದು ಬಿಸಿಯಾಗಲಿ ಎಂದು ಊರಿನ ದೇವರನ್ನೆಲ್ಲ ಕೇಳಿಕೊಂಡೆ.

ಮತ್ತೆ ಫೋನು. ಈ ಸಲ ಅವರೇ.

"ಹೇಳು ಮಗೂ."

"ತಣ್ಣಗಿದೆ."

"ಕೈ ಇಟ್ಟು ನೋಡಿದೆಯಾ?"

"ಇಟ್ಕೊಂಡೇ ನಿಂತಿದೀನಿ."

ಆಮೇಲೆ, "ಮಗುವಿನ ಟೋಪಿ ತೆಗೀಬೇಡ" ಎಂದು ಇಟ್ಟುಬಿಟ್ಟರು.

ಮುಂದಿನದನ್ನು ರೋಸಾ ಹೇಳಿದಳು. ಪರದೆ ಸರಿದಾಗ ಅವರು ಓವರ್‌ಕೋಟು ಹಾಕಿಕೊಂಡೇ ಬಂದರಂತೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅದು ನಿಲ್ಲುವ ತನಕ ಕಾದು, ತಾವಿರುವ ಕಟ್ಟಡದಲ್ಲಿ ಮಕ್ಕಳು ಕೋಟು ಹಾಕಿಕೊಂಡು ಮಲಗುತ್ತಿದ್ದಾರೆ, ಆ ಕಟ್ಟಡದ ಮಾಲೀಕರು ಇದೇ ಸಭೆಯಲ್ಲಿದ್ದಾರೆ, ಮಾತು ಕೊಟ್ಟಿದ್ದಾರೆ, ಮಾತು ನಡೆದ ಕ್ಷಣ ಹಾಡುತ್ತೇನೆ ಎಂದರು. ಹೇಳಿ ಅಲ್ಲೇ ನಿಂತರು. ಪಕ್ಕದಲ್ಲಿ ಕುರ್ಚಿಯಿತ್ತು, ಮುಟ್ಟಲಿಲ್ಲ. ಕಂಪನಿಯವನೊಬ್ಬ ಎದ್ದು ಹೊರಗೆ ಹೋಗಿ ಫೋನು ಮಾಡಿ ಬಂದು, ಬೆಳಿಗ್ಗೆ ಮೊದಲ ಕೆಲಸವೇ ಅದು ಎಂದು ಕೂಗಿ ಹೇಳಿದ. "ಹಾಗಾದರೆ ನಾನೂ ಬೆಳಿಗ್ಗೆಯೇ ಹಾಡ್ತೀನಿ" ಎಂದರು. ಕೆಲವರು ನಕ್ಕರು, ಕೆಲವರು ಬೈದುಕೊಂಡು ಎದ್ದರು. ವಾದ್ಯದವರು ಸುಮ್ಮನೆ ಕೂತಿದ್ದರು. ಹಾಲ್ ಮೆಲ್ಲಮೆಲ್ಲಗೆ ಖಾಲಿಯಾಯಿತು. ಆ ತರುಣ ಮೂಲೆಯಲ್ಲಿ ಅಳುತ್ತಿದ್ದನಂತೆ.

ಪತ್ರಿಕೆಯಲ್ಲಿ ಚಿಕ್ಕ ಸುದ್ದಿ ಬಂತು. ಕಂಪನಿಗೆ ಅಷ್ಟು ಸಾಕಾಯಿತು. ಬಾಯ್ಲರಿನ ಬರಬೇಕಾದ ಭಾಗ ಎಲ್ಲಿತ್ತೋ, ಆ ವಾರವೇ ಬಂತು. ಆ ಹಳೆಯ ರೇಡಿಯೇಟರುಗಳು ಬಿಸಿ ಕೊಟ್ಟರೆ ಅತಿಯಾಗಿಯೇ ಕೊಡುವಂಥವು. ಎಲ್ಲರ ಮನೆಯ ಕಿಟಕಿಗಳೂ ಹಿಮದ ಮಧ್ಯೆ ತೆರೆದುಕೊಂಡವು. ನಾನು ಚಿತ್ರಾನ್ನ ಕಲಸಿದೆ, ರೋಸಾ ಕೋಳಿ ಬೇಯಿಸಿದಳು, ಮೆಟ್ಟಿಲ ಮೇಲೇ ಹಬ್ಬವಾಯಿತು. ಪ್ರಸನ್ನ ಮಗಳನ್ನು ಅಂಗಿ ಬಿಚ್ಚಿ ಬರೀ ಮೈಯಲ್ಲಿ ನೆಲಕ್ಕೆ ಬಿಟ್ಟ. ಅವರು ಬಂದರು, ನಿಂತೇ ಎರಡು ತುತ್ತು ತಿಂದು, ನನ್ನ ತೋಳು ಹಿಡಿದು, ನಡೆದು ಬರೋಣ ಬಾ ಎಂದರು.

ನದಿ ದಂಡೆಯ ಮೇಲೆ ಹೋದೆವು. ಆಚೆ ಮ್ಯಾನ್‌ಹಟನ್‌ನ ಗಾಜುಗಳ ಮೇಲೆ ಮಧ್ಯಾಹ್ನದ ಬಿಸಿಲು. ಎಷ್ಟು ಧೈರ್ಯ ನಿಮಗೆ ಎಂದು ನಾನು ಏನೋ ಹೊಗಳಲು ಶುರುಮಾಡಿದೆ. ಅವರು ನಡಿಗೆ ನಿಲ್ಲಿಸದೆ ಹೇಳಿದರು. "ಸುಲಭವಾಗಿತ್ತು ಅಂತ ಯಾರಿಗೂ ಹೇಳಬೇಡ. ನನಗೆ ಹಾಡಬೇಕಿತ್ತು. ನೀನು ಸುಳ್ಳು ಹೇಳಲಿ ಅಂತ ಫೋನ್ ಹಿಡಿದು ಮನಸ್ಸಲ್ಲೇ ಬೇಡಿಕೊಂಡೆ."

ನಾನು ನಿಂತುಬಿಟ್ಟೆ, ಅವರು ನಿಲ್ಲಲಿಲ್ಲ, ಓಡಿ ಜೊತೆ ಸೇರಿದೆ.

"ಎರಡನೇ ಸಾಲಲ್ಲಿ ಒಬ್ಬಳು ಕೂತಿದ್ದಳು. ನನ್ನ ವಯಸ್ಸಿನವಳೇ. ಹಳದಿ ಟೋಪಿ. ಆ ಟೋಪಿ ಈ ಸಂಜೆಗೇ ಅಂತ ಕೊಂಡದ್ದು, ನೋಡಿದರೆ ಗೊತ್ತಾಗ್ತಿತ್ತು. ಎಲ್ಲರೂ ಹೋದ ಮೇಲೂ ಕೂತಿದ್ದಳು. ಕೊನೆಗೆ ಎದ್ದು, ನನ್ನ ಕಡೆ ನೋಡದೆ ಹೋದಳು. ಅವಳೇನು ತಪ್ಪು ಮಾಡಿದ್ದಳು?"

ಆ ಸಂಸ್ಥೆಯವರು ಮತ್ತೆ ಅವರನ್ನು ಕರೆಯಲಿಲ್ಲ. ಬೇರೆ ಯಾರೂ ಕರೆಯಲಿಲ್ಲ. ಆ ಹೆಂಗಸಿನ ಚಿಂತೆ ಮಾತ್ರ ಅವರನ್ನು ಬಿಡಲಿಲ್ಲ. ನನ್ನನ್ನು ಕರೆದುಕೊಂಡು ಹಾರ್ಲೆಮ್‌ಗೆ ಹೋಗುವರು, ಚರ್ಚುಗಳ ಬಾಗಿಲಲ್ಲಿ ನಿಲ್ಲುವರು, ಟೋಪಿಯ ಅಂಗಡಿಗಳಲ್ಲಿ ವಿಚಾರಿಸುವರು. ಅಷ್ಟು ದೊಡ್ಡ ಊರಿನಲ್ಲಿ ಹೀಗೆ ಹುಡುಕಿದರೆ ಸಿಗುತ್ತಾಳೆಯೇ ಎಂದರೆ, ಮನೆಯಲ್ಲಿ ಕೂತರೆ ಸಿಗುತ್ತಾಳೆಯೇ ಎಂದು ಮುಂದೆ ನಡೆಯುವರು. ವಸಂತ ಬಂದಾಗ ಹೋಬೋಕನ್‌ನ ಲೈಬ್ರರಿಯ ಒಂದು ಕೋಣೆ ಕೇಳಿ ಪಡೆದರು. ಒಂದು ಶನಿವಾರ ಮಧ್ಯಾಹ್ನ ಹಾಡುತ್ತೇನೆ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು ಎಂದು ಚೀಟಿ ಬರೆದು ನನ್ನ ಕೈಯಲ್ಲಿ ನಕಲು ಮಾಡಿಸಿ ಊರೂರಿನ ಚರ್ಚುಗಳಿಗೆ ಹಂಚಿದರು. ಕೊನೆಯಲ್ಲಿ ಒಂದು ಸಾಲಿತ್ತು. ಆ ಸಂಜೆ ಎರಡನೇ ಸಾಲಿನಲ್ಲಿ ಹಳದಿ ಟೋಪಿ ಹಾಕಿಕೊಂಡು ಕೂತಿದ್ದವರು ದಯವಿಟ್ಟು ಬರಬೇಕು, ನಾನು ನಿಮಗೆ ಹಾಡುವುದು ಬಾಕಿಯಿದೆ.

ಆ ಶನಿವಾರ ಕೋಣೆ ತುಂಬಲಿಲ್ಲ. ನಮ್ಮ ಕಟ್ಟಡದವರು, ಪ್ರಸನ್ನ, ಅವನ ತೊಡೆಯ ಮೇಲೆ ಮಗಳು, ಚರ್ಚಿನ ಕೆಲವರು. ಅವರು ನಕ್ಷತ್ರದಂಥ ಮಣಿಗಳ ಉದ್ದನೆಯ ಉಡುಪು ಹಾಕಿಕೊಂಡು ಬಾಗಿಲ ಹತ್ತಿರ ಅತ್ತಿಂದಿತ್ತ ನಡೆಯುತ್ತಿದ್ದರು. ಹೊತ್ತಾಯಿತೆಂದು ಪಿಯಾನೊದವನು ಎರಡು ಸಲ ಕೆಮ್ಮಿದ. ಆಗ ಬಾಗಿಲು ತೆರೆದು ಒಬ್ಬ ಮುದುಕಿ ಬಂದಳು. ತಲೆಯ ಮೇಲೆ ಹಳದಿ ಟೋಪಿ.

ಅವರು ಅವಳ ಎರಡೂ ಕೈ ಹಿಡಿದುಕೊಂಡರು. "ನೀವೇನಾ?"

ಮುದುಕಿ ಅಡ್ಡಡ್ಡ ತಲೆಯಾಡಿಸಿದಳು. "ಅಲ್ಲ. ಆ ಸಂಜೆ ನಾನು ಅಲ್ಲಿರಲಿಲ್ಲ. ಚರ್ಚಿನಲ್ಲಿ ನಿಮ್ಮ ಚೀಟಿ ಓದಿದೆ. ಅವಳು ಬರದೇಹೋದರೆ ನಿಮಗೆ ನೋಡೋಕೆ ಒಂದಾದರೂ ಹಳದಿ ಟೋಪಿ ಇರಲಿ ಅಂತ ತಂಗಿಯದನ್ನ ಕೇಳಿ ಹಾಕ್ಕೊಂಡು ಬಂದೆ."

ಅವರು ಅವಳನ್ನು ನಡೆಸಿಕೊಂಡು ಹೋಗಿ ಎರಡನೇ ಸಾಲಿನಲ್ಲಿ ಕೂರಿಸಿದರು. ಮುಂದೆ ಹೋಗಿ ನಿಂತು ಪಿಯಾನೊದವನಿಗೆ ತಲೆಯಾಡಿಸಿದರು. ಆ ಸಂಜೆಗೆಂದು ಅಭ್ಯಾಸ ಮಾಡಿದ್ದ ಹಾಡುಗಳನ್ನೆಲ್ಲ ಒಂದೂ ಬಿಡದೆ ಹಾಡಿದರು, ಸಾವಿರ ಜನರ ಮುಂದೆ ಹಾಡುವ ಹಾಗೆ. ಕಣ್ಣು ಆ ಟೋಪಿಯ ಮೇಲಿತ್ತು. ಅಲ್ಲಿಂದ ಬಾಗಿಲಿಗೆ ಹೋಗುತ್ತಿತ್ತು, ಮತ್ತೆ ಟೋಪಿಗೆ ಬರುತ್ತಿತ್ತು. ಕೊನೆಯ ಹಾಡು ಮುಗಿಯುವ ತನಕವೂ ಹಾಗೆಯೇ.